ಬ್ಯಾಗಿನಿಂದ ಹೊರಬಂದ ಬಿಳಿಕೋಲು

ಕಕ್ಕಿಂಜೆಯಲ್ಲಿ ಬಸ್ಸಿಳಿದು ನೆರಿಯದ ಜೀಪು ಹತ್ತುವ ಮೊದಲು ಒಂದು ಕೆಲಸವನ್ನು ತಪ್ಪದೆ ಮಾಡುತ್ತಿದ್ದೆ. ಕೈಯಲ್ಲಿದ್ದ ಬಿಳಿಕೋಲನ್ನು ಮಡಚಿ ಬ್ಯಾಗಿಗೆ ಹಾಕಿ ಜಿಪ್ ಎಳೆಯುವುದು. ಮಂಗಳೂರಿನಲ್ಲಿ ರಾಜಾರೋಷವಾಗಿ ಹಿಡಿದು ನಡೆಯುತ್ತಿದ್ದ ಕೋಲು ಊರಿಗೆ ಬಂದ ಕೂಡಲೇ ನಾಚಿಕೆಯ ವಸ್ತುವಾಗುತ್ತಿತ್ತು.

ನನಗೀಗ ಇಪ್ಪತ್ತು. ಬಿ.ಇ. ಮೂರನೇ ವರ್ಷ. ಹೈಸ್ಕೂಲಿನಲ್ಲಿರುವಾಗಲೇ ಕಣ್ಣಿನ ಡಾಕ್ಟರು ‘ರೆಟಿನೈಟಿಸ್ ಪಿಗ್ಮೆಂಟೋಸ’ ಎಂದಿದ್ದರು. ಕೊಳವೆಯೊಳಗಿಂದ ನೋಡಿದ ಹಾಗೆ ನೇರ ಎದುರಿನದು ಮಾತ್ರ ಕಾಣುತ್ತದೆ. ಮೊಬೈಲ್ ಓದಬಲ್ಲೆ, ಆದರೆ ಪಕ್ಕದ ಕಂಬ ಕಾಣದು. ಕತ್ತಲಾದರೆ ಏನೂ ಇಲ್ಲ. ಕೋಲು ಹಿಡಿದು ಮೊಬೈಲ್ ನೋಡಿದ್ದಕ್ಕೆ ಬಸ್ಸಿನಲ್ಲಿ ‘ಇವನದ್ದು ನಾಟಕ’ ಎಂಬ ಮಾತನ್ನೂ ಕೇಳಿದ್ದೇನೆ.

ಬಿಳಿಕೋಲು ಊರುಗೋಲಲ್ಲ. ಭಾರ ಹಾಕಲು ಅದು ಇರುವುದೂ ಅಲ್ಲ. ಎಡಗಾಲು ಮುಂದಿಟ್ಟಾಗ ಕೋಲಿನ ತುದಿ ಬಲಕ್ಕೆ, ಬಲಗಾಲು ಇಟ್ಟಾಗ ಎಡಕ್ಕೆ. ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಅದು ಮೊದಲೇ ಮುಟ್ಟಿ ನೋಡಿರುತ್ತದೆ. 1921ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ಜೇಮ್ಸ್ ಬಿಗ್ಸ್ ದೃಷ್ಟಿ ಕಳೆದುಕೊಂಡ ಮೇಲೆ, ವಾಹನದವರಿಗೆ ಕಾಣಲೆಂದು ತನ್ನ ಕೋಲಿಗೆ ಬಿಳಿ ಬಣ್ಣ ಬಳಿದರಂತೆ. ಅಮೆರಿಕ 1964ರಲ್ಲಿ ಅಕ್ಟೋಬರ್ 15ನ್ನು ಬಿಳಿಕೋಲಿನ ದಿನವೆಂದು ಘೋಷಿಸಿತು. ಅಂದರೆ ಈ ಕೋಲಿಗೆ ಎರಡು ಕೆಲಸ: ನನಗೆ ದಾರಿ ತೋರಿಸುವುದು, ನನ್ನನ್ನು ದಾರಿಯವರಿಗೆ ತೋರಿಸುವುದು. ಎರಡನೆಯದೇ ನನಗೆ ಬೇಡವಾಗಿತ್ತು.

ಇಂಟರ್ನ್‌ಶಿಪ್‌ಗೆಂದು ಒಂದು ತಿಂಗಳು ಬೆಂಗಳೂರಿನಲ್ಲಿದ್ದೆ. ಮೆಟ್ರೊ ನಿಲ್ದಾಣದ ಹಳದಿ ಟೈಲ್ಸ್ ನನ್ನ ಪಾಲಿಗೆ ಹೈವೇ. ಉಬ್ಬುಗೆರೆ ಸಿಕ್ಕರೆ ನಡೆ, ಉಬ್ಬುಚುಕ್ಕಿ ಸಿಕ್ಕರೆ ಎಚ್ಚರ. ಜಪಾನಿನ ಸೆಯಿಚಿ ಮಿಯಾಕೆ 1965ರಲ್ಲಿ ಕಂಡುಹಿಡಿದದ್ದಿದು. ನಿಲ್ದಾಣದಿಂದ ಹೊರಗೆ ಕಾಲಿಟ್ಟರೆ ಫುಟ್‌ಪಾತ್ ಮೇಲೆ ಬೈಕು, ಕಿತ್ತುಹೋದ ಚಪ್ಪಡಿ. ಅಲ್ಲಿ ಯಾರೂ ‘ಪಾಪ’ ಎನ್ನಲಿಲ್ಲ. ಆದರೆ ಕೇಳದೆಯೇ ತೋಳು ಹಿಡಿದೆಳೆದು, ನನಗೆ ಬೇಡವಾದ ರಸ್ತೆ ದಾಟಿಸಿ ಹೋದವರಿದ್ದರು!

ನೆರಿಯದ ಕಥೆಯೇ ಬೇರೆ. ಇಲ್ಲಿ ಟೈಲ್ಸ್ ಇಲ್ಲ. ಮುರಕಲ್ಲಿನ ಮೆಟ್ಟಿಲು, ಅಡಿಕೆ ತೋಟದ ಕಣಿ, ತೋಡಿಗೆ ಅಡ್ಡ ಹಾಕಿದ ಕಾಲುಸಂಕ. ಮಳೆಗಾಲದಲ್ಲಿ ಕೊಡೆಯ ಮೇಲೆ ಬೀಳುವ ಮಳೆಯ ಸದ್ದಿಗೆ ಹಿಂದೆ ಬರುವ ಜೀಪೂ ಕೇಳಿಸದು. ಕೋಲು ಅತ್ಯಂತ ಅಗತ್ಯವಿದ್ದ ಜಾಗದಲ್ಲೇ ಅದು ಬ್ಯಾಗಿನೊಳಗೆ. ಕಾರಣ ಅಮ್ಮನ ಒಂದೇ ಮಾತು: “ಅಕ್ಕನಿಗೆ ಸಂಬಂಧ ನೋಡ್ತಿದ್ದೇವೆ ಮಗಾ. ಮನೆತನದಲ್ಲೇ ಕಣ್ಣಿನ ತೊಂದರೆ ಉಂಟು ಅಂತ ಜನ ಮಾತಾಡಿಯಾರು.” ಅಮ್ಮನನ್ನು ದೂರಲಾರೆ. ಈ ಕಾಯಿಲೆ ವಂಶವಾಹಿಯಿಂದ ಬರುವುದು ನಿಜವೇ.

ಕಳೆದ ಜುಲೈಯ ಒಂದು ಸಂಜೆ ಸಂಕದಿಂದ ಜಾರಿ ತೋಡಿಗೆ ಬಿದ್ದೆ. ಕೈಮೂಳೆ ಬಿರುಕು ಬಿಟ್ಟಿತು. ಅಪ್ಪ ಏನೂ ಹೇಳಲಿಲ್ಲ. ಮರುದಿನ ಸಂಕಕ್ಕೆ ಬಿದಿರಿನ ಕೈತಾಂಗು ಕಟ್ಟಿದರು. ಪಟ್ಟಿ ಬಿಚ್ಚಿದ ಮೇಲೆ ನಾನು ಮೊದಲ ಸಲ ಕಕ್ಕಿಂಜೆಯಲ್ಲಿ ಕೋಲು ಬಿಡಿಸಿಯೇ ಜೀಪು ಹತ್ತಿದೆ.

ಜೀಪಿನಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಇದು ಮೊದಲೇ ಹೇಳ್ಬಾರದಾ ಮಾರಾಯ? ಎದುರು ಸಿಕ್ಕಿದ್ರೂ ಮಾತಾಡದೆ ಹೋಗ್ತಾನೆ, ಇಂಜಿನಿಯರಿಂಗ್ ಸೇರಿ ಅಹಂಕಾರ ಬಂತು ಅಂತ ಗ್ರಹಿಸಿದ್ದೆ.” ಇಷ್ಟು ವರ್ಷ ನಾನು ಮುಚ್ಚಿಟ್ಟದ್ದು ಕುರುಡನ್ನಲ್ಲ, ಊರವರ ಕಣ್ಣಿಗೆ ಕಟ್ಟಿಕೊಟ್ಟದ್ದು ಅಹಂಕಾರವನ್ನು! ಈಗ ಅಂಗಡಿ ಬದಿಯಲ್ಲಿ ಕೂತವರೇ ಹೆಸರು ಹೇಳಿ ಮಾತಾಡಿಸುತ್ತಾರೆ. ‘ಪಾಪ’ ಎನ್ನುವವರೂ ಇದ್ದಾರೆ, ಇರಲಿ.

ದೀಪಾವಳಿ ಕಳೆದು ಅಕ್ಕನನ್ನು ನೋಡಲು ಬಂದರು. ಅಮ್ಮ ಕೋಲನ್ನು ಬಾಗಿಲ ಹಿಂದೆ ಇಟ್ಟಿದ್ದರು. ಕಾಫಿ ಕೊಟ್ಟು ಒಳಬಂದ ಅಕ್ಕ ಅದನ್ನು ತಂದು ನನ್ನ ಕೈಗಿಟ್ಟಳು. “ತೋಟ ನೋಡ್ಬೇಕಂತೆ ಅವರಿಗೆ. ಕರ್ಕೊಂಡು ಹೋಗು.” ನಾನು ಮುಂದೆ, ಹುಡುಗ ಹಿಂದೆ. ಸಂಕದ ಹತ್ತಿರ ಅವರಿಗೇ ಕಾಲು ನಡುಗಿತು. “ಕೈತಾಂಗು ಹಿಡ್ಕೊಳ್ಳಿ” ಎಂದೆ. ಅವರ ಉತ್ತರ ಇನ್ನೂ ಬಂದಿಲ್ಲ. ಬಾರದಿದ್ದರೂ ಬೇಸರವಿಲ್ಲ ಎನ್ನುತ್ತಾಳೆ ಅಕ್ಕ. ನನಗೆ ಬೇಸರವಾಗುತ್ತದೆ, ಸುಳ್ಳು ಹೇಳಲಾರೆ.

ನನ್ನಂತೆ ಬ್ಯಾಗಿನೊಳಗೆ ಕೋಲಿಟ್ಟುಕೊಂಡಿರುವ ಗೆಳೆಯರೇ, ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯದ ಪ್ರಮಾಣಪತ್ರವಿದ್ದರೆ 2016ರ ಕಾಯ್ದೆಯಡಿ ಸರ್ಕಾರಿ ಹುದ್ದೆಗಳಲ್ಲಿ ಮೀಸಲಾತಿ ಇದೆ. ಅಂಧರಿಗೆ ಮತ್ತು ಮಂದದೃಷ್ಟಿಯವರಿಗೆ ಅದರಲ್ಲಿ ಶೇ 1 ಪಾಲಿದೆ. ಮುಚ್ಚಿಟ್ಟರೆ ಅದೂ ಇಲ್ಲ. ಉಳಿದವರಲ್ಲಿ ಒಂದು ವಿನಂತಿ: ಕೋಲು ಕಂಡರೆ ಕೈ ಹಿಡಿದೆಳೆಯಬೇಡಿ. “ಸಹಾಯ ಬೇಕಾ?” ಎಂದು ಕೇಳಿ. ಬೇಕೆಂದರೆ ನಿಮ್ಮ ಮೊಣಕೈ ಕೊಡಿ, ನಾವೇ ಹಿಡಿದುಕೊಳ್ಳುತ್ತೇವೆ. ‘ಅಲ್ಲಿ’, ‘ಇಲ್ಲಿ’ ಎನ್ನುವ ಬದಲು ‘ಎಡಕ್ಕೆ ನಾಲ್ಕು ಹೆಜ್ಜೆ’ ಎನ್ನಿ. ಅಷ್ಟು ಸಾಕು, ಉಳಿದ ದಾರಿ ಕೋಲಿಗೆ ಗೊತ್ತು.