ಬಿಸಿಲಿಗೆ ಕಬ್ಬಿಣವೂ ಬೆಳೆಯುತ್ತೆ!



ನೀವು ದಿನಾ ಹತ್ತುವ ಬಜಾಜ್ ಆಟೋದ ತವರೂರು ಯಾವುದು ಗೊತ್ತಾ? ಮಹಾರಾಷ್ಟ್ರದ ವಾಳೂಜ್ ಇರಬಹುದು. ಔರಂಗಾಬಾದ್, ಅಂದರೆ 2023ರಿಂದ ಛತ್ರಪತಿ ಸಂಭಾಜಿನಗರ ಎಂಬ ಹೆಸರಿನ ಊರಿನ ಪಕ್ಕದಲ್ಲಿದೆ ಈ ಕೈಗಾರಿಕಾ ಪ್ರದೇಶ. ಬಜಾಜ್ ಕಾರ್ಖಾನೆ ಇಲ್ಲಿ ಶುರುವಾದದ್ದು 1985ರಲ್ಲಿ. ಇತ್ತ ನಾಸಿಕ್ ಅಂದರೆ ಬರೀ ದ್ರಾಕ್ಷಿ, ಈರುಳ್ಳಿ ಅಲ್ಲ. ಬೆಂಗಳೂರಿನವರು ಇಂದಿಗೂ ಮೈಕೋ ಎಂದೇ ಕರೆಯುವ ಬಾಷ್ ಕಂಪನಿ ಅಲ್ಲಿ ಡೀಸೆಲ್ ಇಂಜೆಕ್ಟರ್ ತಯಾರಿಸುತ್ತದೆ. ಹತ್ತಿರದ ಓಝರ್‌ನಲ್ಲಿ ನಮ್ಮ ಎಚ್‌ಎಎಲ್‌ನ ವಿಮಾನ ಕಾರ್ಖಾನೆಯಿದೆ.

ಇವೆಲ್ಲ ನಿಂತಿರುವುದು ಮೈಕ್ರಾನ್ ಲೆಕ್ಕದ ಮೇಲೆ. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿ, ಅದರಲ್ಲಿ ಒಂದು ಭಾಗವೇ ಮೈಕ್ರಾನ್. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಇಂಜೆಕ್ಟರ್ ಒಳಗಿನ ಸೂಜಿಗೂ ಅದರ ಗೂಡಿಗೂ ನಡುವೆ ಇರುವ ಸಂದು ಕೆಲವೇ ಮೈಕ್ರಾನ್! ಸಂದು ಹೆಚ್ಚಾದರೆ ಡೀಸೆಲ್ ಸೋರುತ್ತೆ, ಮೈಲೇಜ್ ಇಳಿಯುತ್ತೆ. ಕಡಿಮೆಯಾದರೆ ಸೂಜಿಯೇ ಸಿಕ್ಕಿಹಾಕಿಕೊಳ್ಳುತ್ತೆ.

ಹಾಗಾದರೆ ಅಳೆಯೋದು ಹೇಗೆ? ಸಾವಿರಾರು ಭಾಗಗಳಿಗೆ ಸ್ಕೇಲ್ ಹಿಡಿಯುತ್ತಾ ಕೂರಲಾಗದು. ಅದಕ್ಕೇ 'ಗೋ - ನೋ ಗೋ' ಗೇಜ್ ಇದೆ. ಇದರ ಒಂದು ತುದಿ ತೂತಿನೊಳಗೆ ಹೋಗಲೇಬೇಕು, ಇನ್ನೊಂದು ತುದಿ ಹೋಗಲೇಬಾರದು. ಎರಡೂ ತುದಿ ಹೋದರೆ ತೂತು ದೊಡ್ಡದು, ಎರಡೂ ಹೋಗದಿದ್ದರೆ ಚಿಕ್ಕದು. ಎರಡು ಸೆಕೆಂಡಿನಲ್ಲಿ ತೀರ್ಪು!

ಆದರೆ ಇಲ್ಲೊಬ್ಬ ಕಳ್ಳನಿದ್ದಾನೆ. ಅವನೇ ಬಿಸಿ. ಸಂಭಾಜಿನಗರದಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತೆ. 100 ಮಿಲಿಮೀಟರ್ ಉದ್ದದ ಉಕ್ಕಿನ ಸರಳು 20 ಡಿಗ್ರಿಯಿಂದ 40 ಡಿಗ್ರಿಗೆ ಕಾದರೆ ಸುಮಾರು 23 ಮೈಕ್ರಾನ್ ಬೆಳೆಯುತ್ತೆ. ಅಲ್ಯೂಮಿನಿಯಂ ಆದರೆ ಅದರ ದುಪ್ಪಟ್ಟು. ಮೆಷಿನ್ನಿಂದ ಬಿಸಿಬಿಸಿಯಾಗಿ ಇಳಿದ ಭಾಗವನ್ನು ಕೂಡಲೇ ಅಳೆದು 'ಪಾಸ್' ಅಂದರೆ, ಆರಿದ ಮೇಲೆ ಅದು ಕುಗ್ಗಿ ಫೇಲ್ ಆಗಿರಬಹುದು. ಹಾಗಾಗಿ ಉದ್ದಳತೆಗೆ 20 ಡಿಗ್ರಿಯೇ ಪ್ರಮಾಣ ಎಂದು 1931ರಲ್ಲೇ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಅಳತೆ ಕೋಣೆಗೆ ಏಸಿ ಹಾಕುವುದು ಸಾಹೇಬರ ಸುಖಕ್ಕಲ್ಲ, ಸ್ವಾಮಿ!

ಗೇಜ್ ಕೂಡ ಉಜ್ಜಿ ಉಜ್ಜಿ ಸವೆಯುತ್ತೆ. ಅದನ್ನು ಪರೀಕ್ಷಿಸೋರು ಯಾರು? ಕಿರಾಣಿ ಅಂಗಡಿಯ ತೂಕದ ಬಟ್ಟಿಗೆ ಸರ್ಕಾರಿ ಮುದ್ರೆ ಬೀಳುವ ಹಾಗೆ, ಕಾರ್ಖಾನೆಯ ಗೇಜ್ ಕಾಲಕಾಲಕ್ಕೆ ಮಾನ್ಯತೆ ಪಡೆದ ಲ್ಯಾಬಿಗೆ ಹೋಗುತ್ತೆ. ಇದನ್ನೇ ಕ್ಯಾಲಿಬ್ರೇಷನ್ ಅನ್ನೋದು. ಆ ಲ್ಯಾಬಿನ ಅಳತೆಯನ್ನು ಅದಕ್ಕಿಂತ ಮೇಲಿನ ಅಳತೆಯೊಂದಿಗೆ ಹೋಲಿಸುತ್ತಾರೆ. ನಮ್ಮ ದೇಶದಲ್ಲಿ ಈ ಸರಪಳಿಯ ತುದಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ನಾಸಿಕ್‌ನ ಮಿಲಿಮೀಟರೂ ಬೆಂಗಳೂರಿನ ಮಿಲಿಮೀಟರೂ ಒಂದೇ ಆಗಿರುವುದು ಹೀಗೆ.

ಅಳತೆ ಸರಿಯಿದ್ದರೆ ಸಾಲದು, ಲೋಹವೂ ಗಟ್ಟಿಯಿರಬೇಕು. ರಾಕ್‌ವೆಲ್ ಯಂತ್ರ ವಜ್ರದ ಮೊನೆಯನ್ನು ಲೋಹಕ್ಕೆ ಒತ್ತಿ, ಅದು ಎಷ್ಟು ಆಳಕ್ಕೆ ಇಳಿಯಿತು ಎಂದು ನೋಡಿ ಗಡಸುತನ ಹೇಳುತ್ತೆ.

ಮುಂದಿನ ಸಲ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ "ಡೂಪ್ಲಿಕೇಟ್ ತಗೊಳ್ಳಿ ಸಾರ್, ಅರ್ಧ ರೇಟು" ಅಂದಾಗ ಒಂದು ಕ್ಷಣ ಯೋಚಿಸಿ. ನೋಡೋಕೆ ಎರಡೂ ಒಂದೇ ಥರ. ಉಳಿಸಿರುವ ಆ ಅರ್ಧ ದುಡ್ಡಿನಲ್ಲಿ ಗೇಜ್ ಹಿಡಿಯುವ ಕೈಯ ಸಂಬಳವೂ ಸೇರಿರಬಹುದು. ಅದರಲ್ಲೂ ಕೊಳ್ಳುತ್ತಿರುವುದು ಬ್ರೇಕ್ ಶೂ ಆಗಿದ್ದರೆ, ಚೌಕಾಸಿ ಬೇಡ.