ಹಳೆಯ ಕಿರೀಟಕ್ಕೆ ಹೊಸ ದಳ

ಮೇ ತಿಂಗಳ ಕೊನೆಯ ವಾರದಲ್ಲಿ ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದವೆಂದರೆ, ಪುತ್ತೂರು, ಸುಳ್ಯ, ಕಡಬದ ಕಡೆಗಳಲ್ಲಿ ಯಕ್ಷಗಾನದ ಪೆಟ್ಟಿಗೆಗಳಿಗೆ ಚಿಕಿತ್ಸೆಯ ಕಾಲವು ಬಂದಿತೆಂದು ತಿಳಿಯಬೇಕು. ಆರು ತಿಂಗಳ ಕಾಲ ರಾತ್ರಿರಾತ್ರಿಯೂ ವೇಷಧಾರಿಯ ಬೆವರನ್ನೂ, ಚೌಕಿಯ ಧೂಳನ್ನೂ, ಲಾರಿಯ ಕುಲುಕಾಟವನ್ನೂ ಸಹಿಸಿ ಬಂದ ಕಿರೀಟ, ಭುಜಕೀರ್ತಿ, ಎದೆಕಟ್ಟು, ಕರ್ಣಪತ್ರಗಳಲ್ಲಿ ಒಂದರ ದಳವು ಮುರಿದಿರುವುದು, ಇನ್ನೊಂದರ ಕನ್ನಡಿಚೂರು ಉದುರಿರುವುದು, ಮತ್ತೊಂದರ ಬೇಗಡೆಯು ಎದ್ದು ಒಳಗಿನ ಮರವು ಇಣುಕುತ್ತಿರುವುದು. ಅದರ ಮೇಲೆ ನಮ್ಮ ಮಳೆಗಾಲ. ವರ್ಷಕ್ಕೆ 3,500 ಮಿಲ್ಲಿಮೀಟರಿಗೂ ಮಿಕ್ಕು ಮಳೆ ಸುರಿಯುವ ಈ ನಾಡಿನಲ್ಲಿ ಮುಚ್ಚಿಟ್ಟ ಮರಕ್ಕೆ ಬೂಷ್ಟು ಹಿಡಿಯದಿದ್ದರೆ ಗೆದ್ದಲು ಹಿಡಿಯುವುದು. ಆದುದರಿಂದ ಹೊಸ ತಿರುಗಾಟಕ್ಕೆ ಮುನ್ನ ಮುರಿದ ಭಾಗಕ್ಕೆ ಹೊಸ ಭಾಗವನ್ನು ಮಾಡಿ ಕೂಡಿಸಲೇಬೇಕಾಗುತ್ತದೆ.

ಇದರಲ್ಲಿ ಹೇಳತಕ್ಕ ವಿಶೇಷವೇನಿದೆಯೆಂದು ವಾಚಕರು ಕೇಳಬಹುದು. ಕಷ್ಟವಿರುವುದು ಇಲ್ಲಿಯೇ: ಹೊಸ ದಳವನ್ನು ಯಾವುದನ್ನು ನೋಡಿ ಮಾಡಬೇಕು?

ದೇವಾಲಯದ ರಥಕ್ಕಾದರೆ ಶಿಲ್ಪಶಾಸ್ತ್ರದ ಆಯವುಂಟು, ಪ್ರಮಾಣವುಂಟು. ಮೊದಲು ಸುಳ್ಯಕ್ಕೆ ಸೇರಿದ್ದು ಈಗ ಕಡಬ ತಾಲ್ಲೂಕಿನಲ್ಲಿರುವ ಕುಕ್ಕೆ ಸುಬ್ರಹ್ಮಣ್ಯಕ್ಕೆ 2019ರಲ್ಲಿ ಹೊಸ ಬ್ರಹ್ಮರಥವು ಬಂದಾಗ, ಅದನ್ನು ಕೆತ್ತಿದ ಕೋಟೇಶ್ವರದ ಶಿಲ್ಪಿಗಳ ಕೈಗೆ ಆ ಶಾಸ್ತ್ರದ ಆಧಾರವಿದ್ದಿತು. ಭುಜಕೀರ್ತಿಗೆ ಅಂಥ ಶಾಸ್ತ್ರಗ್ರಂಥವು ಎಲ್ಲಿದೆ? ಅದರ ಶಾಸ್ತ್ರವೆಲ್ಲವೂ ಹಳೆಯ ಭುಜಕೀರ್ತಿಯೇ. ಅದನ್ನು ಮಾಡಿದವನು ತನ್ನ ಗುರುವು ಮಾಡಿದುದನ್ನು ನೋಡಿ ಮಾಡಿದನು. ಆ ಮಾದರಿಯು ಕೈತಪ್ಪಿದರೆ ವಿದ್ಯೆಯ ಒಂದು ಎಳೆಯೇ ಕಡಿಯಿತೆನ್ನಬೇಕು.

ಪುತ್ತೂರಿನ ಬಾಲವನದಲ್ಲಿ ಬಹುಕಾಲ ನೆಲೆಸಿದ್ದ ಡಾಕ್ಟರ್ ಶಿವರಾಮ ಕಾರಂತರು ಹೆಚ್ಚಾಗಿ ಕೆಲಸಮಾಡಿದುದು ಬಡಗುತಿಟ್ಟಿನೊಡನೆ. ಈ ಸೀಮೆಯದಾದರೋ ತೆಂಕುತಿಟ್ಟು. ಆದರೂ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಅವರ ‘ಯಕ್ಷಗಾನ ಬಯಲಾಟ’ವು ಪ್ರಸಂಗ, ರಾಗ, ತಾಳಗಳೊಂದಿಗೆ ವೇಷಭೂಷಣವನ್ನೂ ಅಭ್ಯಾಸಕ್ಕೆ ತಕ್ಕ ವಿಷಯವೆಂದು ಎಣಿಸಿತು. ಕಲಾಪ್ರೇಮಿಗಳೆನಿಸಿಕೊಂಡವರೇ ಅದನ್ನು ಬರಿಯ ತಗಡಿನ ಥಳಕೆಂದು ಭಾವಿಸುವುದನ್ನು ನಾವು ಈಗಲೂ ಕೇಳುತ್ತೇವೆ.

ಅದು ಬರಿಯ ಥಳಕಲ್ಲ. ಹಳೆಯ ಆಭರಣವನ್ನು ಹಗುರವಾದ ಮೆದು ಮರದಲ್ಲಿ ಕೆತ್ತುತ್ತಿದ್ದರು. ಏಕೆಂದರೆ ಅದನ್ನು ಹೊತ್ತವನು ಕುಣಿಯಬೇಕು, ಸುತ್ತು ಹಾಕಬೇಕು. ಕೆತ್ತಿದ ದಳದ ಏರುತಗ್ಗುಗಳ ಮೇಲೆ ಬೇಗಡೆಯನ್ನು ಅಂಟಿಸಿ, ನಡುನಡುವೆ ಕನ್ನಡಿಯ ಚೂರುಗಳನ್ನು ಕೂರಿಸುತ್ತಿದ್ದರು. ಅಂದಿನ ರಂಗಸ್ಥಳದ ಬೆಳಕು ದೀವಟಿಗೆಯದು. ಅಲುಗುವ ಜ್ವಾಲೆಯು ಏರುತಗ್ಗುಗಳ ಮೇಲೆ ಬಿದ್ದಾಗ ಕಿರೀಟವು ಒಮ್ಮೆ ಮಿನುಗಿ ಒಮ್ಮೆ ಕಪ್ಪಾಗುತ್ತಿತ್ತು. ಬಣ್ಣದ ವೇಷದ ತಲೆಯ ಹಿಂದೆ ಹರಡಿದ ಕೇಸರಿತಟ್ಟಿಯು ಉಸಿರಾಡುವಂತೆ ತೋರುತ್ತಿತ್ತು. ಇಂದು ನುಣುಪಾದ ಹಲಗೆಯ ಮೇಲೆ ಹೊಂಬಣ್ಣದ ಪ್ಲಾಸ್ಟಿಕ್ ಹಾಳೆಯನ್ನು ಅಂಟಿಸಿ ವಿದ್ಯುದ್ದೀಪದ ಮುಂದೆ ಹಿಡಿದರೆ ಅದು ಒಂದೇ ಸಮನೆ ಹೊಳೆದು ಕಣ್ಣು ಕುಕ್ಕುವುದೇ ಹೊರತು ಮಿನುಗುವುದಿಲ್ಲ. ಆಕಾರವು ಬಂದಿತು, ಗುಣವು ಬರಲಿಲ್ಲ. ಹಾಗೆಂದು ಹೊಸ ವಸ್ತುವನ್ನು ಮುಟ್ಟಲೇಬಾರದೆಂದು ನಾವು ಹೇಳುವವರಲ್ಲ. ಹಗುರವಾದ ಕಿರೀಟವು ಶಾಲೆಯ ಮಕ್ಕಳ ಕುತ್ತಿಗೆಗೆ ಉಪಕಾರವೇ ಸರಿ. ಥರ್ಮೋಕೋಲಿನ ಅಂಚು ಮಾತ್ರ ಒಂದೆರಡು ಆಟಗಳಲ್ಲೇ ಉದುರತೊಡಗುವುದರಿಂದ ಅಲ್ಲಿ ಉಳಿಸಿದ ಹಣವು ನಿಜವಾಗಿ ಉಳಿಯುವುದಿಲ್ಲ.

ಈ ಚಿಂತೆಯು ನಮ್ಮ ನಾಡೊಂದರದೇ ಅಲ್ಲ. ಜಪಾನಿನ ನಾಮ್ಕೋ ಸಂಸ್ಥೆಯು 1980ರಲ್ಲಿ ಹೊರತಂದ ಪ್ಯಾಕ್‌ಮ್ಯಾನ್ ಎಂಬ ನಾಣ್ಯದ ಆಟವನ್ನು ಅಮೆರಿಕದಲ್ಲಿ ಮಿಡ್ವೇ ಸಂಸ್ಥೆಯು ಆಳೆತ್ತರದ ಹಳದಿ ಪೆಟ್ಟಿಗೆಗಳಲ್ಲಿ ಕೂರಿಸಿ ಮಾರಿತು. ಪೆಟ್ಟಿಗೆಯ ಮಗ್ಗುಲಿನ ಚಿತ್ರಗಳನ್ನು ಕೊರೆದ ಅಚ್ಚಿನ ಮೂಲಕ ಬಣ್ಣ ಹೊಡೆದು ಮೂಡಿಸಿದ್ದರು. ಈಗ ಆ ಹಳೆಯ ಪೆಟ್ಟಿಗೆಗಳನ್ನು ಜೀರ್ಣೋದ್ಧಾರಮಾಡುವ ಹವ್ಯಾಸಿಗಳಿದ್ದಾರೆ. ಅವರು ಅಳಿದ ಚಿತ್ರದ ಗೆರೆಯನ್ನು ತೆಗೆದು, ಬಿಸಿಲು ತಾಗದ ಅಂಚುಪಟ್ಟಿಯ ಅಡಿಯಲ್ಲಿ ಮೂಲಬಣ್ಣವನ್ನು ಹುಡುಕಿ, ಚಿತ್ರವನ್ನು ಮರಳಿ ಮಾಡುವರು. ಅಚ್ಚಿನ ಅಂಚಿನಲ್ಲಿ ಬಣ್ಣವು ತುಸು ಹರಡಿ ಮಸುಕಾಗಿರುವುದನ್ನು ಹಾಗೆಯೇ ಉಳಿಸಬೇಕೆ, ಚೊಕ್ಕಟವಾಗಿ ಮುದ್ರಿಸಿದ ಹಾಳೆಯನ್ನು ಅಂಟಿಸಬಹುದೇ ಎಂಬ ವಾದವು ಅವರಲ್ಲಿಯೂ ಉಂಟು. ಆಟದ ಪೆಟ್ಟಿಗೆಗೇ ಇಷ್ಟು ಶ್ರದ್ಧೆ ಸಲ್ಲುವಾಗ ನಮ್ಮ ಆಟದ ಪೆಟ್ಟಿಗೆಯು ಅದಕ್ಕೆ ಅನರ್ಹವೇ?

ಇನ್ನು ಕೆಲಸದ ಮಾತು. ಆಟದ ಹವ್ಯಾಸವಿದ್ದ ಮನೆಗಳ ಅಟ್ಟದಲ್ಲಿ ಹಳೆಯ ಆಭರಣಗಳು ಇನ್ನೂ ಉಳಿದಿರಬಹುದು. ಸಿಕ್ಕಿದರೆ ಮೊದಲು ನೆರಳಿನಲ್ಲಿ ಆರಿಸಬೇಕು. ಬಿಸಿಲಿಗಿಟ್ಟರೆ ಮರವು ಸೀಳುವುದು, ಬೇಗಡೆಯು ಏಳುವುದು. ಒದ್ದೆ ಬಟ್ಟೆಯಿಂದ ಒರೆಸಲೇಬಾರದು, ಮೆತ್ತನೆಯ ಕುಂಚವೇ ಸಾಕು. ತರುವಾಯ ಪಕ್ಕದಲ್ಲಿ ಅಳತೆಯ ಪಟ್ಟಿಯೊಂದನ್ನಿಟ್ಟು ನೇರ ಮೇಲಿನಿಂದ ಭಾವಚಿತ್ರವನ್ನು ತೆಗೆಯಬೇಕು. ಆಭರಣವನ್ನು ಕಾಗದದ ಮೇಲಿಟ್ಟು, ಸೀಸದ ಕಡ್ಡಿಯನ್ನು ಓರೆಮಾಡದೆ ಸುತ್ತಲೂ ಗೆರೆಯೆಳೆದರೆ ಹೊರ ಆಕಾರವು ದೊರೆಯುವುದು. ಬೇಗಡೆಯು ಗಟ್ಟಿಯಾಗಿರುವ ಕಡೆ ತೆಳು ಕಾಗದವನ್ನು ಹಾಸಿ ಹಗುರವಾಗಿ ಉಜ್ಜಿದರೆ ಕೆತ್ತನೆಯೂ ಮೂಡುವುದು.

ಅರ್ಧ ಭಾಗವು ನಷ್ಟವಾಗಿದ್ದರೆ ಉಳಿದರ್ಧದ ಗೆರೆಯನ್ನು ಮಡಚಿ ಪೂರ್ತಿಮಾಡುವ ವಾಡಿಕೆಯುಂಟು. ಇಲ್ಲಿ ಎಚ್ಚರವು ಬೇಕು. ಕೈಯಲ್ಲಿ ಕೆತ್ತಿದ ಎಡಬಲಗಳು ಕನ್ನಡಿಯ ಪ್ರತಿಬಿಂಬದಂತೆ ಒಂದಕ್ಕೊಂದು ಕೂಡುವುದು ಅಪರೂಪ. ಜೋಡಿಯ ಇನ್ನೊಂದು ಭುಜಕೀರ್ತಿಯು ಇದ್ದರೆ ಅದನ್ನೂ ಅಳೆದೇ ಗೆರೆಯನ್ನು ನಿಶ್ಚಯಿಸಬೇಕು. ಬಣ್ಣಕ್ಕಾಗಿ ಮೇಲ್ಭಾಗವನ್ನು ನಂಬಬಾರದು. ಒಂದು ದಳವು ಇನ್ನೊಂದರ ಮೇಲೆ ಕವಿದಿರುವ ಸಂದಿಯಲ್ಲಿ, ಬಟ್ಟೆಯ ಪಟ್ಟಿಯ ಅಡಿಯಲ್ಲಿ, ಹೊಗೆ ಬೆಳಕುಗಳು ಮುಟ್ಟದ ಬಣ್ಣವು ಅಡಗಿರುವುದು. ಮೇಲೆ ಕಂದಾಗಿ ಕಾಣುವುದು ಅಲ್ಲಿ ಅಚ್ಚ ಕೆಂಪಾಗಿದ್ದರೆ ಆಶ್ಚರ್ಯಪಡಬೇಕಾದುದಿಲ್ಲ.

ಎಲ್ಲಕ್ಕೂ ಮಿಗಿಲಾಗಿ ನಾವು ಬೇಡಿಕೊಳ್ಳುವುದೊಂದುಂಟು. ಹೊಸದು ಸಿದ್ಧವಾದ ದಿನ ಹಳೆಯದನ್ನು ಒಲೆಗೋ ಹೊಳೆಗೋ ಹಾಕಬೇಡಿರಿ. ನಕಲನ್ನು ನೋಡಿ ಮತ್ತೊಂದು ನಕಲು, ಅದನ್ನು ನೋಡಿ ಇನ್ನೊಂದು, ಹೀಗೆ ನಾಲ್ಕು ತಲೆ ಸಾಗಿದರೆ ದಳದ ಬಾಗು ತಿಳಿಯದಂತೆ ಸಡಿಲಿ, ತೆಂಕಿನ ಕಿರೀಟವು ಯಾವ ತಿಟ್ಟಿಗೂ ಸೇರದ ನಾಟಕದ ಕಿರೀಟವಾಗಿಬಿಡುವುದು. ಮುರಿದ ಮೂಲವು ಪೆಟ್ಟಿಗೆಯ ಮೂಲೆಯಲ್ಲಿದ್ದರೆ ಮುಂದಿನವನು ನಕಲನ್ನು ಬಿಟ್ಟು ಅದನ್ನೇ ನೋಡಬಹುದು. ಇದಕ್ಕೆ ಬೇಕಾಗುವುದು ಒಂದು ಒಣ ಬಟ್ಟೆ, ಒಂದು ಡಬ್ಬಿ.

ಹೊಸ ಭಾಗದ ಬೆನ್ನಿಗೆ, ನೋಡುವವರ ಕಣ್ಣಿಗೆ ಬೀಳದ ಕಡೆ, ಮಾಡಿದ ವರ್ಷವನ್ನೂ ಯಾವ ಭಾಗವು ಹೊಸದೆಂಬುದನ್ನೂ ಮಾಸದ ಶಾಯಿಯಲ್ಲಿ ಬರೆದಿಡಬೇಕು. ಹಾಗೆ ಬರೆಯದ ಸೆಟ್ಟುಗಳಲ್ಲಿ ಯಾವುದು ಅಜ್ಜನ ಕಾಲದ್ದು, ಯಾವುದು ಕಳೆದ ಮಳೆಗಾಲದ್ದು ಎಂಬುದನ್ನು ಕಟ್ಟಿಕೊಳ್ಳುವವರೂ ಹೇಳಲಾರರು.