ದನಿಯಿಂದ ದುಡಿಮೆ

1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಆರಂಭಿಸಿದರು. ಇಂದು ನಂಜನಗೂಡಿನಲ್ಲೋ ತಿ. ನರಸೀಪುರದಲ್ಲೋ ಕುಳಿತು, ಒಂದು ಮೊಬೈಲ್ ಫೋನಿನಿಂದಲೇ ನೀವೂ ಕಾರ್ಯಕ್ರಮ ಕೊಡಬಹುದು. ಕೇಳುಗರು ತಮಗೆ ಬಿಡುವಾದಾಗ ಕೇಳುವ ಇಂಥ ಕಾರ್ಯಕ್ರಮವೇ ಪಾಡ್‌ಕಾಸ್ಟ್.

ಇದರಿಂದ ಹಣ ಬರುವುದು ಹೇಗೆ? ಮೊದಲನೆಯದು ಜಾಹೀರಾತಿನ ಪಾಲು. ದೀರ್ಘ ಕಾರ್ಯಕ್ರಮಗಳಿಗೆ ಯೂಟ್ಯೂಬ್ ಈ ಪಾಲು ಕೊಡಲು 1,000 ಚಂದಾದಾರರೂ, 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆಯೂ ಬೇಕು. ಎರಡನೆಯದು ಪ್ರಾಯೋಜಕರ ಹಣ. ಮೂರನೆಯದು ಕೇಳುಗರೇ ಕೊಡುವ ನೆರವು. ಸಣ್ಣ ಊರಿನವರಿಗೆ ಎರಡನೆಯದೇ ಹತ್ತಿರದ ದಾರಿ. ನಂಜನಗೂಡು ರಸಬಾಳೆಯ ಬಗ್ಗೆ ಮಾತನಾಡಿದರೆ ಕೇಳುಗರು ಕೆಲವೇ ನೂರು ಮಂದಿ ಇರಬಹುದು. ಅವರೆಲ್ಲ ಬೆಳೆಗಾರರಾದರೆ, ಸಸಿ ಮಾರುವವರಿಗೆ ಬೇಕಾದವರು ಅವರೇ.

ಎಚ್ಚರಿಕೆ ಬೇಕಾದುದೂ ಇಲ್ಲಿಯೇ. ರಸಬಾಳೆ ಪನಾಮಾ ಸೊರಗು ರೋಗಕ್ಕೆ ಬೇಗ ತುತ್ತಾಗುತ್ತದೆ. ರೋಗಾಣು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಹಣ ಪಡೆದು ನೀವು ಹೊಗಳಿದ ಸಸಿ ರೋಗ ತಂದರೆ, ಹಾಳಾಗುವುದು ನಿಮ್ಮನ್ನು ನಂಬಿದ ರೈತನ ತೋಟ. ಆದ್ದರಿಂದ ಹಣ ಪಡೆದ ಮಾತನ್ನು ಜಾಹೀರಾತು ಎಂದೇ ಹೇಳಿ. ಭಾರತೀಯ ಜಾಹೀರಾತು ಮಾನದಂಡ ಮಂಡಳಿಯ 2021ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಕೇಳುಗರ ನಂಬಿಕೆಯೇ ನಿಮ್ಮ ಬಂಡವಾಳ. ಅದು ಹೋದರೆ ವರಮಾನವೂ ಹೋಯಿತು.